ಟೀಚರ ದನಿಗೆ ಬೇಕಾದ ಜಾಗ

ಮುಚ್ಚಳ ತೆರೆದಾಗ ಏನೂ ಅನಿಸಲಿಲ್ಲ. ಲ್ಯಾಪ್‌ಟಾಪ್ ಬಿಸಿಯಾಗತೊಡಗಿದ ಮೇಲೆ ಕೀಗಳ ಸಂದಿನಿಂದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಹಳತಾಗಿ ಸ್ವಲ್ಪ ಕಮಟು ಹಿಡಿದ ಎಣ್ಣೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ವಿದ್ಯಾರ್ಥಿಗಳು ಊಟಕ್ಕೆ ಹೋಗಿದ್ದರು. ಯಾರೋ ಹಿಂದೆ ಬಂದು ನಿಂತಂತಾಗಿ ತಿರುಗಿ ನೋಡಿದೆ. ಫ್ಯಾನ್ ತಿರುಗುತ್ತಿತ್ತು, ಅಷ್ಟೆ.

ಪರದೆಯ ಮೇಲೆ ಹೊಸದಾಗಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕುವ ಕೆಲಸ ಅರ್ಧಕ್ಕೆ ಬಂದು ನಿಂತಿತ್ತು. ಅದು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಸ್ವ್ಯಾಪ್‌ಗೆ ಎಷ್ಟು ಜಾಗ? ಕುಂದಾಪುರದ ಈ ಲ್ಯಾಬನ್ನು ನೋಡಿಕೊಳ್ಳುವ ನಾನು ಈ ಪ್ರಶ್ನೆಗೆ ಹೆಚ್ಚು ಯೋಚಿಸದೆ ಉತ್ತರ ತುಂಬಿಕೊಂಡು ಬಂದವಳು. ಆ ಲ್ಯಾಪ್‌ಟಾಪಿನ ಎದುರು ಮಾತ್ರ ಕೈ ಮುಂದೆ ಹೋಗಲಿಲ್ಲ. ಹಿಂದೊಮ್ಮೆ ಇದೇ ಯಂತ್ರದಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ, ಹೆದರಿಕೊಂಡು...

ಅದು ಟೀಚರ ಲ್ಯಾಪ್‌ಟಾಪ್.

ಟೀಚರು ಕೋಟೇಶ್ವರದ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಮದುವೆಯಾಗಿರಲಿಲ್ಲ. ಗುಲ್ವಾಡಿಯಲ್ಲಿ, ಹೊಳೆಗೆ ಹತ್ತಿರದ ಮನೆಯಲ್ಲಿ, ಅಣ್ಣ ಅತ್ತಿಗೆಯ ಜೊತೆ ಇದ್ದರು. ಅಣ್ಣ ಬೊಂಬಾಯಿಯಲ್ಲಿ ಬಹಳ ಕಾಲ ಹೋಟೆಲ್ ನಡೆಸಿ ಊರಿಗೆ ಮರಳಿದ್ದರು. ಟೀಚರ ದನಿ ದೊಡ್ಡದು. ಮೈಕ್ ಹಾಳಾದ ದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ಅವರನ್ನೇ ಮುಂದೆ ನಿಲ್ಲಿಸುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುತ್ತಿದ್ದವಳು. ಅವರು ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಿರಲಿಲ್ಲ. ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಡುತ್ತಿದ್ದರು. ಬರೆದು ಬಂದು ಕೂರಬಹುದಿತ್ತು. ಅದಕ್ಕಾಗಿ ನಾನು ಅವರಿಗೆ ಋಣಿ ಎಂದು ಎಂದೂ ಹೇಳಿರಲಿಲ್ಲ.

ನಾನು ಎಂಎಸ್ಸಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಕಾಯಿಲೆ ಬಂತು. ಸ್ನಾಯುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ ಹೋಗುವ ಕಾಯಿಲೆ. ಬುದ್ಧಿಗೆ ಏನೂ ಆಗುವುದಿಲ್ಲ, ಕಿವಿಗೂ ಏನೂ ಆಗುವುದಿಲ್ಲ. ನಾಲಿಗೆ, ಗಂಟಲು, ಕೈಕಾಲು... ಕಡೆಗೆ ಉಸಿರು. ಮಾತು ತೊದಲತೊಡಗಿದ್ದ ದಿನಗಳಲ್ಲಿ ನನಗೆ ಫೋನ್ ಮಾಡಿದರು. ಒಂದೊಂದು ಶಬ್ದವನ್ನೂ ಎತ್ತಿ ಇಡುವಂತೆ ಹೇಳಿದರು:

"ನೀನೇ ಬಾ. ನೀನ್ ಹೆಚ್ಚ್ ಮಾತಾಡುದಿಲ್ಲ. ಪಾಪ ಪಾಪ ಅಂಬೋರ್ ನಂಗ್ ಬ್ಯಾಡ."

ಕರೆದದ್ದು ದನಿ ತುಂಬಿಡಲು. ಮಾತು ಪೂರ್ತಿ ಹೋಗುವ ಮೊದಲು ಬೇಕಾದ ಮಾತುಗಳನ್ನೆಲ್ಲ ಅವರದೇ ದನಿಯಲ್ಲಿ ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟರೆ, ಮುಂದೆ ಒಂದು ಕೀ ಒತ್ತಿದಾಗ ಅದು ಅವರ ಪರವಾಗಿ ಮಾತಾಡುತ್ತದೆ. ಹಾಗೆ ಹಿಡಿದಿಡದ ಮಾತನ್ನು ಅಕ್ಷರ ಅಕ್ಷರವಾಗಿ ಬರೆದರೆ ಯಂತ್ರವೇ ತನ್ನ ಚಪ್ಪಟೆ ದನಿಯಲ್ಲಿ ಓದಿ ಹೇಳುತ್ತದೆ.

ಭಾನುವಾರಗಳಂದು ಕೋಟೇಶ್ವರದಿಂದ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ನಾನು ಅಂದುಕೊಂಡದ್ದು ನೀರು, ನೋವು, ಫ್ಯಾನು, ಹೌದು, ಅಲ್ಲ, ಇಂಥವು ಸಾಕೆಂದು. ಟೀಚರು ತುಂಬಿಸಿದ್ದು ಬೇರೆಯೇ. ಬೈಗುಳ ತುಂಬಿಸಿದರು. ಮಗ್ಗಿ ತಪ್ಪಿದ ಮಕ್ಕಳಿಗೆ ಹೇಳುವ ಮಾತು ತುಂಬಿಸಿದರು. 'ಹ್ವಾಯ್' ಎಂಬ ಒಂದೇ ಕರೆಯನ್ನು ಬೇರೆ ಬೇರೆಯಾಗಿ ಹೇಳಿ ಹಿಡಿದಿಡಲು ಹೇಳಿದರು. ರಸ್ತೆಯಲ್ಲಿ ಹೋಗುವವರಿಗೆ ಉದ್ದನೆಯದು, ಅಡುಗೆಮನೆಗೆ ಕೇಳುವಂಥದ್ದು, ಮತ್ತೊಂದು ಗಿಡ್ಡಗೆ, ಚಡಿ ಏಟಿನ ಹಾಗೆ.

"ಇದ್ ಯಾರಿಗೆ ಟೀಚರೆ?" ಎಂದೆ.

"ಅಣ್ಣಯ್ಯ ಬೊಂಬಾಯಿ ಕತಿ ಬಿಡೂಕ್ ಶುರು ಮಾಡ್ರೆ, ಇದ್."

ಅತ್ತಿಗೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವರಿಗಾಗಿಯೂ ಒಂದು ಮಾತಿತ್ತು. ಆ ಮನೆಯಲ್ಲಿ ಅತ್ತಿಗೆ ಬಡಿಸಲು ನಿಂತರೆ ಬೇಡವೆಂದವರ ಬಾಳೆಗೂ ಅನ್ನ ಬೀಳುತ್ತಿತ್ತು. ಎರಡು ಕೈ ಅಡ್ಡ ಹಿಡಿದು ಬಾಯಲ್ಲೂ ಕೂಗಿದರೆ ಮಾತ್ರ ಸೌಟು ಹಿಂದೆ ಹೋಗುತ್ತಿತ್ತು. ಇನ್ನು ಕೈ ಅಡ್ಡ ಬರುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು. ಆದ್ದರಿಂದ ಮೈಕಿನ ಹತ್ತಿರ ಬಾಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹೇಳಿದರು: "ಸಾಕ್ ಸಾಕ್. ಇನ್ ಬಡ್ಸ್‌ಬ್ಯಾಡಿ. ಹೊಟ್ಟಿ ತುಂಬ್ತ್."

"ಕಾಣಿ ಇವ್ಳ್‌ನ! ದೇವ್ರ್ ಬಾಯಿಗ್ ಬೀಗ ಹಾಕ್ರೂ ಇವ್ಳ್ ಕಿಟಕಿಯಿಂದ ಮಾತಾಡ್ತ್‌ಳ್" ಎಂದರು ಅತ್ತಿಗೆ. ಹೇಳಿದವರೇ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ಬೇಸಿಗೆಯೊಳಗೆ ದನಿ ಪೂರ್ತಿ ನಿಂತಿತು. ಬಲಗೈಯ ತೋರುಬೆರಳೊಂದು ಉಳಿಯಿತು. ಪ್ರತಿ ಸಲ ಲ್ಯಾಪ್‌ಟಾಪ್ ಎದುರಿಡುವ ಮೊದಲು ಅತ್ತಿಗೆ ಆ ಬೆರಳಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು, ಬಿಗಿತ ಬಿಡಲಿ ಎಂದು. ಅಣ್ಣ ಹೊಸ ಲ್ಯಾಪ್‌ಟಾಪನ್ನೇ ತಂದು ನೋಡಿದರು; ಅದರ ಕೀಗಳು ಗಟ್ಟಿ, ಆ ಬೆರಳಿಗೆ ಇಳಿಯಲಿಲ್ಲ. ಹಳೆಯದರ ಕೀಗಳು ಟೀಚರು ಪ್ರಶ್ನೆಪತ್ರಿಕೆ ಬರೆದು ಬರೆದೇ ಮೆತ್ತಗಾಗಿದ್ದವು. ಹಾಗಾಗಿ ಅದೇ ಉಳಿಯಿತು. ಅದೊಂದು ತೆಳ್ಳನೆಯ ಅಗ್ಗದ ಯಂತ್ರ. ಮೆಮೊರಿಯೂ ಡಿಸ್ಕೂ ಒಳಗಿನ ಬೋರ್ಡಿಗೇ ಬೆಸುಗೆಯಾಗಿದ್ದವು. ಬಿಚ್ಚಿ ದೊಡ್ಡದು ಹಾಕುವಂತಿರಲಿಲ್ಲ.

ಯಂತ್ರದ ಚಪ್ಪಟೆ ದನಿಯನ್ನು ಕೇಳಿ ಅಣ್ಣ ತಮಾಷೆ ಮಾಡುತ್ತಿದ್ದರು. "ಅರೇ, ನನ್ ತಂಗಿ ಡೆಲ್ಲಿಗ್ ಹೋಯಿ ವಾರ್ತೆ ಓದೂಕ್ ಕಲ್ತ್ ಬಂದಂಗಿತ್ತಲೆ!" ಕೂಡಲೇ ಗಿಡ್ಡ 'ಹ್ವಾಯ್' ಬೀಳುತ್ತಿತ್ತು, ಅದು ಮಾತ್ರ ಟೀಚರ ಸ್ವಂತ ದನಿ. ಅಣ್ಣ ಬಾಯಿ ಮುಚ್ಚಿ, ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು.

ಆ ಮಧ್ಯಾಹ್ನದ ಬಗ್ಗೆ ಬರೆಯಲು ಈಗಲೂ ಕಷ್ಟ.

ಅತ್ತಿಗೆ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಅಣ್ಣ ಪೇಟೆಗೆ ಹೋಗಿದ್ದರು. ಟೀಚರ ಹತ್ತಿರ ನಾನೊಬ್ಬಳೇ ಇದ್ದೆ. ಟೀಚರ ಬೆರಳು ಒಂದು ಕೀ ಒತ್ತಿತು. ಯಂತ್ರ ಮಾತಾಡಲಿಲ್ಲ. ಮತ್ತೆ ಒತ್ತಿತು. ಪರದೆಯಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು, ಬಾಣದ ಗುರುತು ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಸಣ್ಣ ದೀಪ ಬಿಡದೆ ಮಿಣುಕುತ್ತಿತ್ತು. ದನಿ ಈಗ ಬರಬಹುದು ಎಂದು ನಾನು ಪರದೆಯನ್ನೇ ನೋಡುತ್ತಿದ್ದೆ. ಅವರು ನನ್ನನ್ನು ನೋಡುತ್ತಿದ್ದರು. ಅವರ ತುಟಿಯ ಬಣ್ಣ ಬದಲಾದದ್ದು ಆಮೇಲೆ ಕಂಡಿತು. ಗಂಟಲಲ್ಲಿ ಕಫ ಕಟ್ಟಿತ್ತು.

ನಾನು ಅತ್ತಿಗೆಯನ್ನು ಕೂಗಿದೆ. ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ತಿಳಿದಿರಲಿಲ್ಲ. ಅವರು ಒದ್ದೆ ಕೈಯಲ್ಲೇ ಓಡಿಬಂದು ಟೀಚರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ತಟ್ಟಿ, ಕಫ ಎಳೆಯುವ ಯಂತ್ರ ಹಚ್ಚಿದರು. ಉಸಿರು ಬಂತು. ಅತ್ತಿಗೆ ನೆಲದ ಮೇಲೆ ಕುಸಿದು ಕೂತರು. ಆಗ ಲ್ಯಾಪ್‌ಟಾಪ್ ಎಚ್ಚೆತ್ತು, ಟೀಚರ ದನಿಯಲ್ಲಿ, ನಿಧಾನವಾಗಿ ಹೇಳಿತು:

"ಅತ್ಗೆ, ಬನಿ. ಅತ್ಗೆ, ಬನಿ. ಅತ್ಗೆ, ಬನಿ."

ಒತ್ತಿದಷ್ಟೂ ಸಲ ಹೇಳಿ ಮುಗಿಸಿತು. ಮಂಚದ ಮೇಲೆ ಟೀಚರು ಕಣ್ಣು ಮುಚ್ಚಿ ಮಲಗಿದ್ದರು. ಆ ಕರೆ ಅವರು ಬದುಕಿರದಿದ್ದರೂ ಹಾಗೆಯೇ ಬರುತ್ತಿತ್ತು ಎಂಬುದು ನನಗೆ ಹೊಳೆಯಿತು.

ಅಂದೇ ಅತ್ತಿಗೆ ಟೀಚರ ಕಾಲ್ಬೆರಳಿಗೆ ದಾರ ಕಟ್ಟಿ, ಅದರ ತುದಿಗೆ ದೇವರ ಕೋಣೆಯ ಗಂಟೆಯನ್ನು ತೂಗುಹಾಕಿದರು. ಕಾಲ್ಬೆರಳು ಇನ್ನೂ ಸ್ವಲ್ಪ ಅಲುಗುತ್ತಿತ್ತು. ಗಂಟೆ ಕರೆಯಬಲ್ಲದು. ಆದರೆ ಮಾತಾಡಲಾರದು.

ನಾನು ಮನೆಗೆ ಬಂದು ಕಾರಣ ಹುಡುಕಿದೆ. ಕಾರಣ ಸರಳವಿತ್ತು. ಅಡುಗೆಮನೆಯ ಕಟ್ಟೆಯ ಹಾಗೆ ಕಂಪ್ಯೂಟರಿಗೆ ಒಂದು ಮೆಮೊರಿ ಇರುತ್ತದೆ; ಕೈಗೆ ಬೇಕಾದದ್ದೆಲ್ಲ ಅದರ ಮೇಲೆ. ಕಟ್ಟೆ ತುಂಬಿದರೆ ಸದ್ಯಕ್ಕೆ ಬೇಡದ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುತ್ತೇವೆ. ಆ ಅಟ್ಟವೇ ಸ್ವ್ಯಾಪ್, ಡಿಸ್ಕಿನಲ್ಲಿ ಬದಿಗಿಟ್ಟ ಜಾಗ. ಟೀಚರು ತುಂಬಿಸಿದ ಮಾತುಗಳೆಲ್ಲ ಸೇರಿ ಕಟ್ಟೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅಂಗಡಿಯಲ್ಲಿ ಲಿನಕ್ಸ್ ಹಾಕಿದವರು ರೂಢಿಯಂತೆ ಮೆಮೊರಿಯ ಎರಡರಷ್ಟು ಸ್ವ್ಯಾಪ್ ಇಟ್ಟಿದ್ದರು. ಅಟ್ಟ ದೊಡ್ಡದು, ಏಣಿ ನಿಧಾನ. ಒಂದು ಮಾತು ಕೇಳಿದರೆ ಯಂತ್ರ ಅಟ್ಟ ಹತ್ತಬೇಕು, ಅದನ್ನು ಇಳಿಸಲು ಇನ್ನೊಂದನ್ನು ಏರಿಸಬೇಕು. ಹತ್ತಿ ಇಳಿಯುವುದರಲ್ಲೇ ಹೊತ್ತು ಕಳೆಯುತ್ತಿತ್ತು. ಸಾಯುತ್ತಿರಲಿಲ್ಲ, ಬದುಕಿಯೂ ಇರುತ್ತಿರಲಿಲ್ಲ.

ಅಟ್ಟ ಚಿಕ್ಕದು ಮಾಡಿದರೆ ಇನ್ನೊಂದು ಭಯ. ಕಟ್ಟೆಯೂ ಅಟ್ಟವೂ ತುಂಬಿದಾಗ ಯಂತ್ರ ಕಾಯುವುದಿಲ್ಲ. ಹೆಚ್ಚು ಜಾಗ ಹಿಡಿದ ಕೆಲಸವನ್ನು ಹುಡುಕಿ, ಅಲ್ಲೇ ಕೊಂದುಹಾಕುತ್ತದೆ. ಅದರಲ್ಲಿ ಹೆಚ್ಚು ಜಾಗ ಹಿಡಿದದ್ದು ಟೀಚರ ದನಿಯೇ ಆಗಿತ್ತು. ಬಿದ್ದ ದನಿ ತಾನಾಗಿ ಮತ್ತೆ ಎದ್ದುಬರುವಂತೆ ಒಂದು ಏರ್ಪಾಡು ಮಾಡಬಹುದಿತ್ತು. ಆದರೆ ಏಳುವವರೆಗೆ ಏನೂ ಇಲ್ಲ, ಬರೆಯುತ್ತಿದ್ದ ಮಾತೂ ಹೋಗುತ್ತದೆ. ಇಂಟರ್‌ನೆಟ್ಟಿನಲ್ಲಿ ಜನ ಎಷ್ಟೋ ವಾದ ಮಾಡಿದ್ದರು: ಎರಡರಷ್ಟು, ಅರ್ಧದಷ್ಟು, ಬೇಡವೇ ಬೇಡ. ಮಾತಾಡಲು ಅದೊಂದೇ ಉಳಿದವರಿಗೆ ಎಷ್ಟಿಡಬೇಕೆಂದು ಯಾರೂ ಬರೆದಿರಲಿಲ್ಲ. ಓದುತ್ತಾ ಓದುತ್ತಾ ನನಗೆ ಒಂದು ತಿಳಿಯಿತು, ಇದನ್ನು ತೀರ್ಮಾನಿಸಲು ನಾನು ಯಾರು ಎಂದು.

ಮುಂದಿನ ಭಾನುವಾರ ಟೀಚರಿಗೇ ವಿವರಿಸಿದೆ. ಕಟ್ಟೆ, ಅಟ್ಟ, ಏಣಿ. ಮೊದಲು ಕೆಲವು ಮಾತುಗಳನ್ನು ಅಳಿಸಿ ಜಾಗ ಮಾಡಲೇ ಎಂದು ಕೇಳಿದೆ. ಅವರ ಕಣ್ಣು ಗಟ್ಟಿಯಾಯಿತು, ಬೇಡ. ಹಾಗಾದರೆ ಎರಡೇ ದಾರಿ, ಎಂದೆ. ಒಂದೋ ಯಂತ್ರ ಬೀಳದೆ ಸಿಕ್ಕಿಕೊಂಡು ನಿಲ್ಲುತ್ತದೆ, ಅಥವಾ ಬಿದ್ದು ಏಳುತ್ತದೆ. ನನ್ನ ದನಿ ನಡುಗುತ್ತಿತ್ತು. ಬೆರಳು ಬಹಳ ಹೊತ್ತು ಒಂದೊಂದೇ ಕೀಗೆ ಇಳಿಯಿತು. ಚಪ್ಪಟೆ ದನಿ ಓದಿತು:

"ಬಿದ್ರೆ ಏಳೂಕ್ ಆತ್ತ್. ನಿಂತಲ್ಲೇ ಸಿಕ್ಕಂಡ್ರೆ ಎಂತ ಮಾಡುದ್?"

ನಾನು ತಲೆ ತಗ್ಗಿಸಿದೆ. ಬೆರಳು ಮತ್ತೆ ಇಳಿಯತೊಡಗಿತು.

"ನಾನ್ ಹೇಳಿದ್ದ್ ಮಿಷನಿನ್ ಬಗ್ಗೆ ಮಾರಾಯ್ತಿ. ಮುಖ ಹಾಂಗ್ ಮಾಡ್ಬ್ಯಾಡ."

ಅತ್ತಿಗೆ ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಹೆದರಿಕೆ ಹೋಗಲಿಲ್ಲ. ದೊಡ್ಡ ಅಟ್ಟವನ್ನು ಅಳಿಸಿ ಅರ್ಧ ಜಿಬಿಯಷ್ಟು ಮಾತ್ರ ಇಟ್ಟೆ, ಸಣ್ಣಪುಟ್ಟ ಹೆಚ್ಚುವರಿಗೆ ಸಾಕಾಗುವಷ್ಟು. ಬಿದ್ದರೆ ತಾನೇ ಏಳುವ ಏರ್ಪಾಡನ್ನೂ ಮಾಡಿದೆ. ಅನಂತರ ದನಿ ಆಗಾಗ ಬೀಳುತ್ತಿತ್ತು. ಅನ್ನ ನುಂಗುವ ಹೊತ್ತಿನಲ್ಲಿ, ಒಂದು ಬೈಗುಳದ ನಡುವೆ. ಪರದೆ ಒಮ್ಮೆ ಬರಿದಾಗಿ, ಸ್ವಲ್ಪ ಹೊತ್ತಿಗೆ ಎಲ್ಲ ಮರಳುತ್ತಿತ್ತು. ಬಿದ್ದಾಗೆಲ್ಲ ನಾನು ಪರದೆಯ ಹತ್ತಿರ ಓಡುತ್ತಿದ್ದೆ. ಟೀಚರು ಮಾತ್ರ, ತಪ್ಪು ಲೆಕ್ಕ ಒರೆಸಿ ಮತ್ತೆ ಬರೆಯಲಿರುವ ಹುಡುಗಿಗೆ ಕಾಯುವಂತೆ ಕಾಯುತ್ತಿದ್ದರು.

ಮಲಗಿದರೆ ಉಸಿರು ಸಿಗದಂತಾದ ಮೇಲೆ ಡಾಕ್ಟರು ಮನೆಗೆ ಬಂದರು. ಕುಂದಾಪುರದವರು, ಮೆತ್ತಗೆ ಮಾತಾಡುವವರು. ಮನೆಯವರು ನನ್ನನ್ನೂ ಬರಹೇಳಿದ್ದರು, ಯಂತ್ರಕ್ಕೆ ಏನಾದರೂ ಆದರೆ ಎಂದು. ನಾನು ಗೋಡೆಯ ಬದಿಗೆ ಕೂತೆ. ಡಾಕ್ಟರು ಮುಚ್ಚಿಡದೆ ಹೇಳಿದರು: ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟು ಉಸಿರಾಟದ ಯಂತ್ರಕ್ಕೆ ಜೋಡಿಸಬಹುದು. ಹಾಗೆ ಕೆಲವು ವರ್ಷಗಳೂ ಇರಬಹುದು. ಆದರೆ ಕಾಯಿಲೆ ನಿಲ್ಲುವುದಿಲ್ಲ, ಆ ಬೆರಳೂ ಹೋಗುತ್ತದೆ, ಮತ್ತೆ ನಳಿಗೆ ತೆಗೆಯುವ ಮಾತು ಸುಲಭವಲ್ಲ. ಇಡದಿದ್ದರೆ ತೊಂದರೆಯಾಗದಂತೆ ಔಷಧಿ ಕೊಡಬಹುದು, ಹೆಚ್ಚು ದಿನ ಇಲ್ಲ.

"ಹಾಕಿ ಡಾಕ್ಟ್ರೆ" ಎಂದರು ಅಣ್ಣ. "ಎಂತ ಬೇಕಾರೂ ಹಾಕಿ. ಆನೆಗುಡ್ಡೆ ಗಣಪತಿಗ್ ತುಲಾಭಾರ ಹೇಳ್ಕಂಡಿದ್ದೆ. ನನ್ ತಂಗಿ ಹಾಂಗೆಲ್ಲ ಹೋಪವ್ಳಲ್ಲ."

"ಅವರನ್ನೇ ಕೇಳಬೇಕು" ಎಂದರು ಡಾಕ್ಟರು.

ಟೀಚರು ಬೆಳಗಿನಿಂದ ಏನನ್ನೋ ಬರೆಯುತ್ತಿದ್ದರು. ನಾನು ಓದಿರಲಿಲ್ಲ, ಪರದೆ ಅವರ ಕಡೆಗಿತ್ತು. ಬೆರಳು ಒತ್ತಿತು. ಯಂತ್ರ ಓದತೊಡಗಿತು.

"ಅಣ್ಣಯ್ಯ, ಬೇಜಾರ್ ಮಾಡ್ಕಣ್ಬ್ಯಾಡ. ನಾನ್ ಎಲ್ಲ ಲೆಕ್ಕ ಹಾಕಿ ಕಂಡೆ. ನಾವ್ ಸಣ್ಣವ್ರಿಪ್ಪತ್ತಿಗೆ ಹೊಳೀಗ್ ಹೋದಾಗ..."

ಅಲ್ಲಿಗೆ ನಿಂತಿತು. ಪರದೆ ಬರಿದಾಯಿತು.

ಬಿದ್ದಿತ್ತು. ಏಳುತ್ತದೆ ಎಂದು ನನಗೆ ಗೊತ್ತಿತ್ತು. ಬೆಳಗಿನಿಂದ ಬರೆದ ಮಾತು ಏಳುವುದಿಲ್ಲ ಎಂದೂ ಗೊತ್ತಿತ್ತು. ಮತ್ತೆ ಬರೆಯುವ ಶಕ್ತಿ ಆ ಬೆರಳಿಗೆ ಇರಲಿಲ್ಲ; ಅದು ಕೀಬೋರ್ಡಿನ ಅಂಚಿನಲ್ಲಿ ಸುಮ್ಮನೆ ಬಿದ್ದಿತ್ತು. ಕೋಣೆಯಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಅಣ್ಣ ಎದ್ದು ನಿಂತರು.

"ಕಂಡ್ರ್ಯಾ ಡಾಕ್ಟ್ರೆ, ಅವ್ಳಿಗ್ ಸುಸ್ತಾಯ್ತ್. ನಾನೇ ಹೇಳ್ತೆ. ನಾಳೆಯೇ ಆಸ್ಪತ್ರೆಗ್ ಕರ್ಕಂಡ್ ಹೋಪ. ಟೆನ್ಷನ್ ಎಂತಕೆ..."

ಡಾಕ್ಟರು ನನ್ನ ಕಡೆ ನೋಡಿದರು. ಸ್ವಲ್ಪ ಇರಿ ಎಂದು ಹೇಳಲು ಹೋದೆ, ದನಿ ಹೊರಡಲಿಲ್ಲ. ಕೈ ಎತ್ತಿ ತಡೆದೆ, ಕ್ಲಾಸಿನಲ್ಲಿ ಎತ್ತದ ಕೈ. ಅಣ್ಣ ಅದನ್ನು ಗಮನಿಸದೆ ಆಸ್ಪತ್ರೆಯ ಮಾತನ್ನೇ ಮುಂದುವರಿಸಿದರು. ಪರದೆಯ ಮೇಲೆ ಬಿಳಿ ಚೌಕಗಳು ಒಂದೊಂದಾಗಿ ಮರಳುತ್ತಿದ್ದವು. ಬೇಗ, ಬೇಗ ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳುತ್ತಿದ್ದೆ.

"ಹ್ವಾಯ್."

ಗಿಡ್ಡನೆಯದು. ಚಡಿ ಏಟಿನ ಹಾಗೆ. ಅಣ್ಣನ ಮಾತು ಅಲ್ಲೇ ತುಂಡಾಯಿತು. ಅವರು ತಿರುಗಿ ನೋಡಿದರು. ಬೆರಳು ನಡುಗುತ್ತಾ ಇನ್ನೊಂದು ಕೀಯ ಮೇಲೆ ಹೋಗಿ, ಅಲ್ಲಿ ನಿಂತು, ಒತ್ತಿತು. ಆ ಕೋಣೆಯ ತುಂಬ, ಕಾಯಿಲೆಗೆ ಮುಂಚಿನದೇ ಎನ್ನುವಷ್ಟು ದೊಡ್ಡದಾಗಿ, ಟೀಚರ ದನಿ ಬಂತು:

"ಸಾಕ್ ಸಾಕ್. ಇನ್ ಬಡ್ಸ್‌ಬ್ಯಾಡಿ. ಹೊಟ್ಟಿ ತುಂಬ್ತ್."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಹತ್ತಿರ ಹೋಗಿ, ಮಂಚದ ಬದಿಗೆ ಕೂತು, ನಳಿಗೆ ಬೇಡ ಎಂದರೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿರಿ ಎಂದರು. ಟೀಚರು ಮುಚ್ಚಿ ತೆರೆದರು. ಖಾತ್ರಿಗಾಗಿ ಡಾಕ್ಟರು ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಉತ್ತರ ಬದಲಾಗಲಿಲ್ಲ.

ಅಣ್ಣ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು, ತಂಗಿಯ ಬೆರಳನ್ನು ಕೀಬೋರ್ಡಿನಿಂದ ಎತ್ತಿ ತಮ್ಮ ಕೈಯೊಳಗೆ ಇಟ್ಟುಕೊಂಡರು.

"ಆಯ್ತ್ ಮಾರಾಯ್ತಿ. ಬಡ್ಸುದಿಲ್ಲ."

ಟೀಚರು ಹೋದ ದಿನ ನಾನು ಅಲ್ಲಿರಲಿಲ್ಲ. ಕಷ್ಟಪಡಲಿಲ್ಲ ಎಂದು ಅತ್ತಿಗೆ ಹೇಳಿದರು. ಹೊಳೆಗೆ ಹೋದಾಗ ಏನಾಗಿತ್ತು ಎಂದು ಅಣ್ಣನನ್ನು ಕೇಳಬೇಕೆಂದು ಹಲವು ಸಲ ಅನಿಸಿದೆ. ಆ ಮಾತು ನನ್ನದಲ್ಲ ಎಂದು ಸುಮ್ಮನಾಗಿದ್ದೇನೆ. ಇಬ್ಬರೂ ಸಣ್ಣವರಿದ್ದಾಗ... ಬಹುಶಃ ಅಣ್ಣನಿಗೂ ಅದು ಯಾವ ದಿನದ ಮಾತೆಂದು ತಿಳಿದಿರಲಿಕ್ಕಿಲ್ಲ.

ಮೊನ್ನೆ ಅಣ್ಣನೇ ಲ್ಯಾಪ್‌ಟಾಪ್ ತಂದುಕೊಟ್ಟರು. ಬೈಂದೂರಿನ ಕಡೆಯ ಒಬ್ಬ ಬಸ್ ಕಂಡಕ್ಟರರಿಗೆ ಇದೇ ಕಾಯಿಲೆಯಂತೆ, ದನಿ ಇನ್ನೂ ಸ್ವಲ್ಪ ಇದೆಯಂತೆ; ಇದು ಅವರಿಗಾಗಲಿ ಎಂದರು. "ಅವ್ಳ್ ಮಾತೆಲ್ಲ ಬೇರೆ ಕಡೆ ತೆಗ್ದಿಡ್. ಅಳಿಸ್ಬ್ಯಾಡ. ನಂಗಂತೂ ಕೇಂಬುಕ್ ಆತಿಲ್ಲ" ಎಂದು ಹೇಳಿ, ಚಾ ಕುಡಿಯದೆ ಹೋದರು. ತೆಗೆದಿಟ್ಟಿದ್ದೇನೆ. ನಾನೂ ತೆರೆದು ಕೇಳಿಲ್ಲ.

ಲ್ಯಾಬಿನ ಹೊರಗೆ ಊಟ ಮುಗಿಸಿದ ಮಕ್ಕಳ ಸದ್ದು ಕೇಳತೊಡಗಿತು. ಪರದೆ ಇನ್ನೂ ಕಾಯುತ್ತಿತ್ತು: ಎಷ್ಟು ಜಾಗ? ಅರ್ಧ ಜಿಬಿ ಎಂದು ಬರೆಯಲು ಬೆರಳು ಮುಂದೆ ಹೋಗಿ ನಿಂತಿತು. ಅದು ಟೀಚರ ಉತ್ತರ. ದಾರಿಯುದ್ದಕ್ಕೂ ಊರಿನ ಹೆಸರು ಕೂಗಿ ಜನರನ್ನು ಹತ್ತಿಸಿಕೊಂಡ ಆ ಮನುಷ್ಯನ ಉತ್ತರ ಬೇರೆ ಇರಬಹುದು. ಬೀಳದೆ ಇರಲಿ, ಎಷ್ಟು ತಡವಾದರೂ ಕಾಯುತ್ತೇನೆ ಎನ್ನಬಹುದು. ಹಾಗೆನ್ನುವುದೂ ಸರಿಯೇ. ಚೌಕವನ್ನು ಖಾಲಿ ಬಿಟ್ಟು ಯಂತ್ರ ಆರಿಸಿದೆ.

ಹೊಸ ಬೆರಳು ಜಾರಬಾರದೆಂದು ಒದ್ದೆ ಬಟ್ಟೆಯಲ್ಲಿ ಕೀಗಳನ್ನು ಒರೆಸಿದೆ. ಎಲ್ಲಕ್ಕಿಂತ ಹೆಚ್ಚು ಸವೆದ ಕೀಯನ್ನು ಕಡೆಗೆ ಒರೆಸಿದೆ. ವಾಸನೆ ಹೋಯಿತು... ಹೋಗುವುದೇ. ಬರುವ ಭಾನುವಾರ ಬೈಂದೂರಿಗೆ ಹೋಗಿ ಅವರ ಎದುರು ಕೂತು, ಕಟ್ಟೆ, ಅಟ್ಟ, ಏಣಿ ಎಲ್ಲವನ್ನೂ ವಿವರಿಸಿ ಕೇಳಬೇಕು. ಕೇಳುವಾಗ ನನ್ನ ದನಿ ನಡುಗದಿದ್ದರೆ ಸಾಕು.